ಕುದುರೆಮುಖದ ಹಾದಿಯಲ್ಲಿ ಒಣಬಟ್ಟೆಯ ಬೆಲೆ

ಕಾರ್ಕಳದ ಗೊಮ್ಮಟಬೆಟ್ಟದ ಮೇಲೆ ನಿಂತು ಮೂಡಲ ದಿಕ್ಕಿಗೆ ನೋಡಿದರೆ ಪಶ್ಚಿಮಘಟ್ಟಗಳ ನೀಲಿ ಸಾಲು ಕಾಣುತ್ತದೆ. ಸುಮಾರು 1,890 ಮೀಟರು ಎತ್ತರದ ಕುದುರೆಮುಖ ಶಿಖರವು ಈ ಶ್ರೇಣಿಗೆ ಸೇರಿದುದು.

ಇದನ್ನೇರಿ ಬರಲು ಒಂದು ದಿನ ಸಾಲದು. ಕಾರ್ಕಳದಿಂದ ಮಾಳದ ಘಟ್ಟವನ್ನು ಹತ್ತಿ, ಮೊದಲ ದಿನ ಕಳಸದ ಬಳಿಯ ಸಂಸೆಯ ಕಡೆಗೆ ಹೋಗಿ, ಅಲ್ಲಿಯ ಮನೆಗಳಲ್ಲಿ ತಂಗುವುದು ವಾಡಿಕೆ. ಮರುದಿನ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿಲೊಮೀಟರು ನಡೆಯಬೇಕು. ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ಕಾಪುವಿನ ಕಡಲತೀರದ ಸೆಕೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಚಳಿಯ ಭಯವೆಂದರೆ ನಗು ಬಂದೀತು. ಆದರೆ ಲೆಕ್ಕವನ್ನು ನೋಡೋಣ. ಪ್ರತಿ ಕಿಲೊಮೀಟರು ಎತ್ತರಕ್ಕೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಇಳಿಯುವುದಷ್ಟೆ. ತೀರದಲ್ಲಿ 30 ಡಿಗ್ರಿ ಇದ್ದರೆ ಶಿಖರದಲ್ಲಿ ಸುಮಾರು 18. ಇಷ್ಟರಿಂದಲೇ ಅಪಾಯವಿಲ್ಲ. ಅಪಾಯವಿರುವುದು ಒದ್ದೆ ಬಟ್ಟೆಯಲ್ಲಿ.

ಮಳೆಯಿಂದಲೋ ಬೆವರಿನಿಂದಲೋ ಉಡುಪಿನಲ್ಲಿ 500 ಗ್ರಾಂ ನೀರು ಸೇರಿದೆಯೆನ್ನಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು; ಒಟ್ಟು 290 ಕಿಲೊಕ್ಯಾಲರಿ. 60 ಕಿಲೊಗ್ರಾಂ ತೂಕದ ದೇಹದ ಉಷ್ಣತೆ ಒಂದು ಡಿಗ್ರಿ ಇಳಿಯಲು ಅದು ಸುಮಾರು 50 ಕಿಲೊಕ್ಯಾಲರಿ ಕಳೆದುಕೊಂಡರೆ ಸಾಕು. ಅಷ್ಟೂ ಶಾಖವು ದೇಹದಿಂದಲೇ ಹೋಗಿ, ದೇಹವು ಹೊಸ ಶಾಖವನ್ನು ಉತ್ಪಾದಿಸದಿದ್ದರೆ, ಉಷ್ಣತೆ 37 ಡಿಗ್ರಿಯಿಂದ ಸುಮಾರು 31ಕ್ಕೆ ಇಳಿದೀತು! 35ರ ಕೆಳಗೆ ಇಳಿದರೇ ಪ್ರಾಣಾಪಾಯ.

ವಾಸ್ತವದಲ್ಲಿ ಶಾಖದ ಒಂದು ಪಾಲು ಗಾಳಿಯಿಂದ ಬರುತ್ತದೆ, ದೇಹವೂ ಸುಮ್ಮನಿರುವುದಿಲ್ಲ. ಏರುವಾಗ ಸ್ನಾಯುಗಳು ಹೇರಳವಾಗಿ ಶಾಖವನ್ನು ಉತ್ಪಾದಿಸುವುದರಿಂದ ಚಳಿ ತಿಳಿಯದು. ಶಿಖರ ಮುಟ್ಟಿ ಕುಳಿತೊಡನೆ ಉತ್ಪಾದನೆ ಇಳಿಯುತ್ತದೆ. ಬಯಲು ಹುಲ್ಲುಗಾವಲಿನ ಗಾಳಿಯಾದರೋ ಬಟ್ಟೆಯನ್ನು ಒಣಗಿಸುತ್ತಲೇ ಇರುತ್ತದೆ. ಆಯವು ಕುಗ್ಗಿ ವ್ಯಯವು ಮುಂದುವರಿಯುವ ಈ ಸಂದರ್ಭವೇ ಕಷ್ಟಕರವಾದುದು. ಮೈ ನಡುಗತೊಡಗುವುದು ಮೊದಲ ಸೂಚನೆ. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ತಡಮಾಡಲಾಗದು.

ಆದ್ದರಿಂದ ಚೀಲದಲ್ಲಿ ನೀರು ತಾಗದಂತೆ ಸುತ್ತಿದ ಒಂದು ಜೊತೆ ಒಣಬಟ್ಟೆ ಇರಲಿ. ಕುಳಿತುಕೊಳ್ಳುವ ಮೊದಲೇ ಅದನ್ನು ಧರಿಸಿರಿ. ಜೊತೆಗಾರನು ನಡುಗುತ್ತಿದ್ದರೆ ಶಿಖರದ ಆಸೆಯನ್ನು ಬಿಟ್ಟು ಇಳಿಯಿರಿ. ಕೆಳಗಿನ ಮನೆಯಲ್ಲಿ ಬಚ್ಚಲೊಲೆ ಉರಿಯುತ್ತಿರುತ್ತದೆ. ಒದ್ದೆ ಬಟ್ಟೆಗೆ ಬೇಕಾದ ಆ 290 ಕಿಲೊಕ್ಯಾಲರಿಯನ್ನು ನಿಮ್ಮ ಮೈಗೆ ಬದಲಾಗಿ ಸೌದೆಯೇ ಕೊಡಲಿ.