ಹೊಲಿಗೆ ಹಾಕಿದ ಟೀಪಾಟ್

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನ ಕೈಯಿಂದ ನನ್ನ ಟೀಪಾಟಿನ ಮುಚ್ಚಳ ಜಾರಿ ಎರಡು ಹೋಳಾಯಿತು. ಇನ್ನೂರು ವರ್ಷಕ್ಕೂ ಹಳೆಯ ಇಂಗ್ಲಿಷ್ ಪಿಂಗಾಣಿ! ಅವನ ಮುಖ ಬಾಡಿತು. ನನಗೂ ಗಂಟಲು ಕಟ್ಟಿತು. ಆದರೆ ಬೈಯಲಿಲ್ಲ. ಬೀರುವಿನಿಂದ ಇನ್ನೊಂದು ಪಾಟ್ ತೆಗೆದು ಅವನೆದುರು ಇಟ್ಟೆ.

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಹಳೇ ಸಾಮಾನಿನ ಸಂತೆ ಸುತ್ತಿ ಇಂಥ ಒಂಬತ್ತು ಪಾಟ್‌ಗಳನ್ನು ಕೂಡಿಸಿದ್ದೇನೆ.

ಮಕ್ಕಳೇ, ಪಿಂಗಾಣಿಯ ಗುಟ್ಟು ಮೊದಲು ಗೊತ್ತಿದ್ದದ್ದು ಚೀನಾದವರಿಗೆ. 18ನೇ ಶತಮಾನದ ನಡುವಿನಲ್ಲಿ ಇಂಗ್ಲಿಷರೂ ಮಾಡತೊಡಗಿದರು. ನೋಡಲು ಚೆಂದ, ಆದರೆ ಕುದಿನೀರು ಹೊಯ್ದರೆ ಎಷ್ಟೋ ಪಾಟ್‌ಗಳು ಫಟ್ಟೆಂದು ಬಿರಿಯುತ್ತಿದ್ದವು. 1751ರಲ್ಲಿ ವೂಸ್ಟರ್ ಊರಿನಲ್ಲಿ ಡಾಕ್ಟರ್ ಜಾನ್ ವಾಲ್ ಮತ್ತು ಜೊತೆಗಾರರು ಕಾರ್ಖಾನೆ ಕಟ್ಟಿದರು. ಅಲ್ಲಿ ಪಿಂಗಾಣಿಗೆ ಕಾರ್ನ್‌ವಾಲ್ ಸೀಮೆಯ ಮೆತ್ತನೆಯ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಯಾವ ಕಲ್ಲು ಗೊತ್ತೇ? ಬಳಪದ ಕಲ್ಲು! ಬೇಲೂರು, ಹಳೇಬೀಡಿನ ಶಿಲ್ಪಗಳ ಜಾತಿಯದೇ. ಅದು ಸೇರಿದ ಮೇಲೆ ಪಾಟ್ ಕುದಿನೀರಿಗೆ ಜಗ್ಗಲಿಲ್ಲ.

ಆಗ ಚಹಾ ಬಲು ದುಬಾರಿ. ಪುಡಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಪಾಟ್‌ಗಳೂ ಚಿಕ್ಕವು. 1784ರಲ್ಲಿ ಸರ್ಕಾರ ತೆರಿಗೆಯನ್ನು ಶೇಕಡ 119ರಿಂದ 12.5ಕ್ಕೆ ಇಳಿಸಿದ ಮೇಲೆ ಚಹಾ ಅಗ್ಗವಾಯಿತು.

ಸಂಗ್ರಹ ಶುರು ಮಾಡಿದಾಗ ನಾನು ಮೋಸವೂ ಹೋದೆ. ಹಳೆಯ ವೂಸ್ಟರ್ ಪಾಟ್‌ಗಳಲ್ಲಿ ಹಲವದರ ತಳದಲ್ಲಿ ನೀಲಿ ಅರ್ಧಚಂದ್ರನ ಗುರುತಿದೆ. ಅದನ್ನು ಕಂಡದ್ದೇ ತಡ, ಕೇಳಿದಷ್ಟು ಕೊಟ್ಟೆ. ಅದು ನಕಲು! ಈಗ ಗುರುತನ್ನೊಂದೇ ನಂಬುವುದಿಲ್ಲ. ಮುಚ್ಚಳ ಸರಿಯಾಗಿ ಕೂರುತ್ತದೆಯೇ ನೋಡುತ್ತೇನೆ. ಮೂತಿಯ ತುದಿ, ಹಿಡಿಯ ಬುಡ ಸವರಿ ಬಿರುಕು ಹುಡುಕುತ್ತೇನೆ. ಬೆಳಕಿಗೆ ಹಿಡಿದರೆ ಹಳೆಯ ವೂಸ್ಟರ್ ಸಾಮಾನ್ಯವಾಗಿ ತುಸು ಹಸಿರಾಗಿ ಕಾಣುತ್ತದೆ.

ಮೊಮ್ಮಗನಿಗೆ ತೋರಿಸಿದ ಪಾಟಿನ ಹೊಟ್ಟೆಯ ಮೇಲೆ ಉದ್ದ ಬಿರುಕು, ಅದರುದ್ದಕ್ಕೂ ಐದು ಲೋಹದ ಕೊಂಡಿಗಳು. ಹಿಂದೆ ಪಿಂಗಾಣಿ ಒಡೆದರೆ ಎಸೆಯುತ್ತಿರಲಿಲ್ಲ. ಬಿರುಕಿನ ಎರಡೂ ಬದಿ ಸಣ್ಣ ಕುಳಿ ಕೊರೆದು, ತಂತಿಯ ಕೊಂಡಿ ಸಿಕ್ಕಿಸಿ ಬಿಗಿಯುತ್ತಿದ್ದರು. ಬಟ್ಟೆಗೆ ಹೊಲಿಗೆ ಹಾಕಿದ ಹಾಗೆ!

“ಇದನ್ನೂ ಯಾರೋ ಬೀಳಿಸಿದ್ದರಾ ಅಜ್ಜಿ?”

“ಹೂಂ. ಯಾರೋ ರಿಪೇರಿಯೂ ಮಾಡಿಸಿದರು. ಅದಕ್ಕೇ ನಮ್ಮ ಕೈಗೆ ಬಂತು.”

ಅಂದು ಸಂಜೆ ಇಬ್ಬರೂ ಕೂತು ಮುಚ್ಚಳ ಅಂಟಿಸಿದೆವು. ಗೆರೆ ಚೆನ್ನಾಗಿಯೇ ಕಾಣುತ್ತದೆ. ಈಗ ಮನೆಗೆ ಬಂದವರಿಗೆಲ್ಲ ಅವನೇ ಅದನ್ನು ತೋರಿಸುತ್ತಾನೆ: “ಒಡೆದದ್ದೂ ನಾನೇ, ಅಂಟಿಸಿದ್ದೂ ನಾನೇ!”