ಕೇರಂ ತುಂಡು ಅಂಟಿಸಿದ ಗಿಟಾರು

ಮುರುಗಮಲ್ಲದಲ್ಲಿ ಗಣೇಶನ ಆರ್ಕೆಸ್ಟ್ರಾ ಶುರುವಾಗಲು ಇನ್ನೂ ಗಂಟೆ ಹೊತ್ತಿತ್ತು. ದರ್ಗಾ ಕಡೆಯಿಂದ ಲೋಬಾನದ ವಾಸನೆ ತೇಲಿ ಬರುತ್ತಿತ್ತು. ಮೈಕಿನವನು ತೆಲುಗಿನಲ್ಲಿ ವಯರಿಗೆ ಬೈದು, ಕನ್ನಡದಲ್ಲಿ ಊರಿಗೆ ನಮಸ್ಕಾರ ಹೇಳುತ್ತಿದ್ದ. ವೇದಿಕೆಯ ಹಿಂದೆ ಬೇಸ್ ನುಡಿಸುವ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂತಿ ಒರೆಸುತ್ತಿದ್ದ. ಸೆಕೆಂಡ್‌ಹ್ಯಾಂಡ್ ಮಾಲು, ಫೆಂಡರ್ ಜಾಝ್ ಬೇಸಿನ ಅಗ್ಗದ ನಕಲು. ಕತ್ತಿನ ಉದ್ದಕ್ಕೂ ಕೊಬ್ಬರಿ ಮಿಠಾಯಿ ಕೊಯ್ದಿಟ್ಟಂತೆ ಬಿಳಿ ಚೌಕಗಳು.

1960ರಲ್ಲಿ ಲಿಯೋ ಫೆಂಡರ್ ಈ ಬೇಸನ್ನು ಹೊರತಂದಾಗ ಅಲ್ಲಿದ್ದದ್ದು ಬರೀ ಚುಕ್ಕಿ. 1965ರಲ್ಲಿ ಆತ ತನ್ನ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ ಮಾರಿದ. ಒಂದೆರಡು ವರ್ಷದಲ್ಲೇ ಕತ್ತಿನ ಅಂಚಿಗೆ ಬಿಳಿ ಪಟ್ಟಿ ಬಂತು, ಚುಕ್ಕಿ ಹೋಗಿ ಚೌಕ ಬಂತು. ಮನೆ ಕೊಂಡವರು ಮೊದಲು ಸುಣ್ಣ ಬಣ್ಣ ಮಾಡಿಸುತ್ತಾರಲ್ಲ, ಹಾಗೆ. ಗೋಡೆಗೆ ಕೈ ಹಾಕಿದ್ದು ಆಮೇಲೆ. 70ರ ದಶಕದ ಆರಂಭದಲ್ಲಿ ತಂತಿಯ ಬುಡದ ಬ್ರಿಡ್ಜ್ ಕಡೆಯ, ನಾದ ಹಿಡಿಯುವ ಪಿಕಪ್ಪು ಸುಮಾರು ಒಂದು ಸೆಂಟಿಮೀಟರು ಹಿಂದೆ ಸರಿಯಿತು. ಬ್ರಿಡ್ಜ್ ಹತ್ತಿರವಾದಷ್ಟೂ ತಂತಿಯ ತೂಗಾಟ ಕಡಿಮೆ. ಅಲ್ಲಿ ಹಿಡಿದ ನಾದದಲ್ಲಿ ಗುಂಯ್ ಅನ್ನುವುದು ತಗ್ಗಿ ಟಣಕು ಏರುತ್ತದೆ. ಕತ್ತು ಹಿಡಿದ ನಾಲ್ಕು ಸ್ಕ್ರೂ ಆ ದಶಕದ ನಡುವೆ ಮೂರಾದವು. ಕತ್ತು ಅಲ್ಲಾಡುತ್ತದೆಂದು ವಾದಕರು ಇವತ್ತಿಗೂ ಅದನ್ನು ಬೈಯುತ್ತಾರೆ. ಆ ಬೈಗುಳದಲ್ಲಿ ಅರ್ಧ, ಹಳೇ ಯಜಮಾನನ ಮೇಲಿನ ಮೋಹ ಎಂದು ನನ್ನ ಗುಮಾನಿ. 1985ರಲ್ಲಿ ಬಿಲ್ ಶುಲ್ಟ್ಸ್ ಮತ್ತವರ ಜೊತೆಯವರು ಕಂಪನಿಯನ್ನು ಬಿಡಿಸಿಕೊಂಡರು. ಚೌಕದ ಮಾದರಿಗಳು ಮಾತ್ರ ಇಂದಿಗೂ ಬರುತ್ತಲೇ ಇವೆ.

ಲಿಯೋ ಎಡವಿದ್ದೂ ಉಂಟು. ಬೇಸನ್ನು ಹೆಬ್ಬೆರಳಲ್ಲಿ ಮೀಟುತ್ತಾರೆಂದು ಎಣಿಸಿ, ಉಳಿದ ಬೆರಳು ಆನಿಸಲು ಸಣ್ಣ ತಂತಿಯ ಕೆಳಗೊಂದು ಪಟ್ಟಿ ಕೂರಿಸಿದ್ದ. ಬಹಳಷ್ಟು ಜನ ಬೆರಳಲ್ಲೇ ನುಡಿಸಿದರು. 1974ರ ಹೊತ್ತಿಗೆ ಹೊಸಬರು ಆ ಪಟ್ಟಿಯನ್ನು ದಪ್ಪ ತಂತಿಯ ಮೇಲಕ್ಕೆ, ಹೆಬ್ಬೆರಳಿಗೆ ಸಿಗುವಂತೆ ಒಯ್ದರು. ನನ್ನ ಕೇಳಿದರೆ, ಇದೊಂದಕ್ಕೆ ಸಿಬಿಎಸ್ಸಿನ ನಾಲ್ಕು ತಪ್ಪು ಮಾಫಿ.

ಹುಡುಗನ ಗಿಟಾರಿನಲ್ಲೂ ಮೇಲುಗಡೆ ಎರಡು ತೂತು. ಹಿಂದಿನವನು ಪಟ್ಟಿ ಕಿತ್ತುಕೊಂಡೇ ಮಾರಿದ್ದನಂತೆ. ಅದರ ಬದಲಿಗೆ ಇವನು ಕೇರಂ ಬೋರ್ಡಿನ ಅಂಚಿನಿಂದ ಕೊಯ್ದ ಒಂದು ತುಂಡನ್ನು ಅಂಟಿಸಿದ್ದಾನೆ, ಹಳೇ ಜಾಗಕ್ಕಿಂತ ಬೆರಳಗಲ ಹಿಂದಕ್ಕೆ. ‘ನನ್ ಕೈ ಚಿಕ್ದು ಸಾರ್’ ಎಂದ. ಬೆವರಿಗೆ ಅದರ ಒಂದು ಮೂಲೆ ಆಗಲೇ ಕಪ್ಪಿಟ್ಟಿತ್ತು.

ಪ್ಲಗ್ಗು ಸಿಕ್ಕಿಸಿ, ಹೆಬ್ಬೆರಳನ್ನು ಆ ಮೂಲೆಗೆ ಊರಿ ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಎದುರಿನ ಬಳೆ ಅಂಗಡಿಯ ತಗಡು ಜುಮ್ಮೆಂದಿತು. ಬಳೆಯವಳು ತಲೆ ಎತ್ತಿ ನೋಡಿ, ಗಾಜಿನ ಬಳೆಗಳನ್ನು ಒಂದು ಗೇಣು ಒಳಕ್ಕೆ ಸರಿಸಿಕೊಂಡಳು.