‘ಶಿಮುಷು’: ಒಂದು ಬೆಂಗಾವಲು ನೌಕೆಯ ಚರಿತ್ರೆ

ನೌಕಾಯುದ್ಧವೆಂದೊಡನೆ ನಮ್ಮ ಮನಸ್ಸು ದೊಡ್ಡ ದೊಡ್ಡ ಯುದ್ಧನೌಕೆಗಳ ಕಡೆಗೆ ಹರಿಯುವುದು ಸಹಜ. ಜಪಾನಿನ ನೌಕಾಧಿಪತಿಗಳ ಮನಸ್ಸೂ ಅತ್ತಲೇ ಹರಿದಿದ್ದಿತು. ಅದಕ್ಕಾಗಿ ಆ ದೇಶವು ತೆತ್ತ ಬೆಲೆಯೆಷ್ಟೆಂಬುದನ್ನು ಅರಿಯಬೇಕಾದರೆ ‘ಶಿಮುಷು’ವಿನಂತಹ ಸಣ್ಣ ಹಡಗೊಂದರ ಕಥೆಯನ್ನು ಕೇಳಬೇಕು.

ಕುರಿಲ್ ದ್ವೀಪಮಾಲೆಯ ಉತ್ತರದ ತುದಿಯಲ್ಲಿ, ಕಮ್ಚಾಟ್ಕಕ್ಕೆ ಎದುರಾಗಿರುವ ದ್ವೀಪದ ಹೆಸರೇ ಈ ಹಡಗಿನ ಹೆಸರು. ಆ ಕಡಲಿನಲ್ಲಿ ಮೀನು, ಏಡಿಗಳನ್ನು ಹಿಡಿಯುವ ವಿಷಯವಾಗಿ ಜಪಾನಿಗೂ ರಷ್ಯಕ್ಕೂ ತಕರಾರು ತಪ್ಪುತ್ತಿರಲಿಲ್ಲ. ತನ್ನ ಬೆಸ್ತರ ರಕ್ಷಣೆಗೆಂದು ಜಪಾನು 1938ರ ನವೆಂಬರಿನಲ್ಲಿ ಆರಂಭಿಸಿ 1940ರ ಜೂನಿನಲ್ಲಿ ಇದನ್ನು ಕಟ್ಟಿ ಮುಗಿಸಿತು. ತೂಕ 860 ಟನ್ನು; ಫಿರಂಗಿಗಳು ಮೂರು; ವೇಗವು ಗಂಟೆಗೆ 20 ನಾವಿಕ ಮೈಲಿಗೆ ತುಸು ಕಡಮೆ. ಮಂಜುಗಡ್ಡೆಯನ್ನು ತಾಳುವಂತೆ ಒಡಲನ್ನು ಬಲಪಡಿಸಿದ್ದರು. ನಾವಿಕರನ್ನು ಬೆಚ್ಚಗಿಡಲು ಬೇರೆ ಬಾಯ್ಲರೂ ಇದ್ದಿತು. ಮುಂಬದಿಯಲ್ಲಿ ಚಕ್ರವರ್ತಿಯ ಸೇವಂತಿಗೆಯ ಲಾಂಛನ.

ಚಳಿಗೆಂದು ಸಿದ್ಧವಾದ ಈ ನೌಕೆಯು 1941ರ ಡಿಸೆಂಬರಿನಲ್ಲಿ ಮಲಯ ದಂಡಯಾತ್ರೆಗೆ ಬೆಂಗಾವಲಾಗಿ ಉಷ್ಣಸಮುದ್ರಕ್ಕೆ ಹೋಗಬೇಕಾಯಿತು. ಇದರಲ್ಲಿ ಆಶ್ಚರ್ಯವೇನು? ಸುಮಾರು 60 ಲಕ್ಷ ಟನ್ನಿನ ವ್ಯಾಪಾರ ಹಡಗುಗಳಿದ್ದ ಆ ರಾಷ್ಟ್ರದಲ್ಲಿ ಈ ಜಾತಿಯ ನೌಕೆಗಳು ಆಗ ಇದ್ದುವು ನಾಲ್ಕೇ ನಾಲ್ಕು! ಎಣ್ಣೆ, ಅದಿರು, ಅಕ್ಕಿ, ಎಲ್ಲವೂ ಸಮುದ್ರದ ಮೇಲೆಯೇ ಬರಬೇಕು. ಆದರೆ ಒಂದೇ ಮಹಾಯುದ್ಧದಲ್ಲಿ ಜಯಾಪಜಯಗಳು ನಿರ್ಣಯವಾಗುವುವೆಂದು ನಂಬಿದ್ದವರಿಗೆ ಸರಕಿನ ಹಡಗುಗಳನ್ನು ಕಾಯುವುದು ಕೀಳು ಕೆಲಸವಾಗಿ ತೋರಿತು. 1942ರ ಜುಲೈನಲ್ಲಿ ಇವುಗಳ ದರ್ಜೆಯನ್ನು ಇಳಿಸಿದರು. ಸೇವಂತಿಗೆಯ ಲಾಂಛನವೂ ಹೋಯಿತು.

ಬೆಂಗಾವಲಿಗೆಂದೇ ಪ್ರತ್ಯೇಕ ನೌಕಾಪಡೆಯು ಏರ್ಪಟ್ಟುದು 1943ರ ನವೆಂಬರಿನಲ್ಲಿ. ಅಷ್ಟರಲ್ಲಿ ಅಮೆರಿಕದ ಜಲಾಂತರ್ಗಾಮಿಗಳ ಹಾವಳಿ ಮಿತಿಮೀರಿದ್ದಿತು. ಬಳಿಕ ಒಡಲಿನ ಬಾಗುಗಳನ್ನೆಲ್ಲ ಬಿಟ್ಟು, ಚಪ್ಪಟೆ ತಗಡುಗಳನ್ನು ಜೋಡಿಸಿ ಕೆಲವೇ ತಿಂಗಳುಗಳಲ್ಲಿ ಒಂದೊಂದು ನೌಕೆಯನ್ನು ಕಟ್ಟಿದರು. ಒಟ್ಟು ಸಂಖ್ಯೆಯು ಸುಮಾರು 170ಕ್ಕೆ ಏರಿತು. ಆದರೆ ಕಾಯಬೇಕಾಗಿದ್ದ ಹಡಗುಗಳೇ ಅಷ್ಟು ಹೊತ್ತಿಗೆ ಕಡಲಿನ ತಳ ಸೇರತೊಡಗಿದ್ದುವು.

ಮೊದಲಿನ ನಾಲ್ಕರಲ್ಲಿ ‘ಇಷಿಗಾಕಿ’ಯು 1944ರ ಮೇ ತಿಂಗಳಿನಲ್ಲಿ ಮುಳುಗಿತು. ‘ಶಿಮುಷು’ವಿಗೂ ಅದೇ ನವೆಂಬರಿನಲ್ಲಿ ಮನಿಲಾ ಸಮೀಪದಲ್ಲಿ ಟಾರ್ಪೆಡೊ ತಗುಲಿತು, ಜಖಂಗೊಂಡರೂ ಉಳಿಯಿತು. ಯುದ್ಧಾನಂತರ ಹೊರನಾಡುಗಳಲ್ಲಿದ್ದ ಜಪಾನೀಯರನ್ನು ಊರಿಗೆ ಸಾಗಿಸುವ ಕೆಲಸವನ್ನು ಮಾಡಿತು. ಶಿಮುಷು ದ್ವೀಪವಾದರೋ, ಜಪಾನಿನ ಶರಣಾಗತಿಯು ಪ್ರಕಟವಾದ ಮೇಲೆಯೇ, 1945ರ ಆಗಸ್ಟಿನಲ್ಲಿ, ಘೋರ ಕಾಳಗದ ಬಳಿಕ ಸೋವಿಯೆತ್ ಸೇನೆಯ ವಶವಾಗಿದ್ದಿತು. 1947ರ ಜುಲೈನಲ್ಲಿ ಯುದ್ಧಪರಿಹಾರದ ಪಾಲಿನೊಡನೆ ಹಡಗೂ ಅದೇ ಸೋವಿಯೆತರ ಕೈಸೇರಿ, ಯಾವ ಧ್ವಜದಿಂದ ಬೆಸ್ತರನ್ನು ಕಾಯಲು ಹುಟ್ಟಿತ್ತೋ ಆ ಧ್ವಜದ ಕೆಳಗೇ ಹೊಸ ಹೆಸರಿನಿಂದ ಕೆಲವು ವರ್ಷ ಸಂಚರಿಸಿತು.